ಮಣ್ಣು ಮೆತ್ತಿದ ಪೊಟರೆ

ಆ ಬೇಸಿಗೆಯಲ್ಲಿ ನಮ್ಮ ಮನೆಯ ತೊಟ್ಟಿಲು ದಿನವೂ ಮನೆ ಬಿಟ್ಟು ಹೋಗುತ್ತಿತ್ತು. ಹೊತ್ತು ವಾಲಿ ಹಳಿಯಾಳದ ಕಡೆಯ ಆಕಾಶದಲ್ಲಿ ಮೋಡ ಕಪ್ಪಗೆ ಕಟ್ಟತೊಡಗಿದೊಡನೆ ಅವ್ವ ಕೈಯಲ್ಲಿದ್ದ ಕೆಲಸವನ್ನು ಹಾಗೆಯೇ ಬಿಟ್ಟು ಒಳಕೋಣೆಗೆ ಓಡುತ್ತಿದ್ದಳು. ಅಲ್ಲಿ ತೊಲೆಗೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿತ್ತು. ಅದರಲ್ಲಿ ನನ್ನ ತಮ್ಮ, ಇನ್ನೂ ಮಗುಚಲು ಕಲಿಯುತ್ತಿದ್ದ ಈರು, ಮಲಗಿರುತ್ತಿದ್ದ. ಅವನನ್ನು ಎತ್ತಿ ನನ್ನ ಕಂಕುಳಿಗೆ ದಾಟಿಸಿ, ಸೀರೆಯ ಗಂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ನಮ್ಮ ಸಾಲುಮನೆಗಳ ಆ ತುದಿಯಲ್ಲಿದ್ದ ಮರಿಯಾಬಾಯಿಯ ಮನೆಗೆ ಅವಳು ಹೊರಡುತ್ತಿದ್ದಳು. ಅಲ್ಲಿಯ ತೊಲೆಗೆ ಸೀರೆ ಕಟ್ಟಿ, ಜಗ್ಗಿ ನೋಡಿ, ಮಗುವನ್ನು ಮಲಗಿಸಿದ ಮೇಲೆಯೇ ಅವಳ ಉಸಿರು ತಹಬಂದಿಗೆ ಬರುತ್ತಿತ್ತು. ಮಳೆ ಸುರಿದು ನಿಂತರೆ, ಅಥವಾ ಮೋಡ ಸುಮ್ಮನೆ ಚದುರಿದರೆ, ಎಲ್ಲವೂ ಮರಳಿ ನಮ್ಮ ಮನೆಗೆ. ಮೋಡ ಕಂಡರೆ ಉಳಿದ ಮನೆಗಳಲ್ಲಿ ಒಣಹಾಕಿದ ಬಟ್ಟೆ, ಮೆಣಸಿನಕಾಯಿಗಳನ್ನು ಒಳಗೆ ತರುತ್ತಿದ್ದರು. ನಮ್ಮ ಮನೆಯಲ್ಲಿ ಮಗುವನ್ನು ಹೊರಗೆ ಒಯ್ಯುತ್ತಿದ್ದರು.

ಮನೆ ಎಂದೆನಾದರೂ ಅದು ನಮ್ಮದಾಗಿರಲಿಲ್ಲ. ದಾಂಡೇಲಿ ಮುಗಿದು ಕಾಡು ಮೊದಲಾಗುವ ಅಂಚಿನಲ್ಲಿ, ಬಿದಿರಿನ ಲಾರಿ ಇಳಿಸುವ ಕೂಲಿಗಳಿಗೆಂದು ಒಬ್ಬ ಗುತ್ತಿಗೆದಾರ ಕಟ್ಟಿಸಿದ್ದ ಸಾಲುಮನೆಗಳಲ್ಲಿ ಅದೊಂದು. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ಹಂಚು. ಮುಂದೆ ಪಡಸಾಲೆ, ಹಿಂದೆ ಒಳಕೋಣೆ, ಅದಕ್ಕೆ ಅಂಟಿದ ಅಡುಗೆಮನೆ, ಅದರಾಚೆ ತೆರೆದ ಬಚ್ಚಲು. ಧಾರವಾಡದ ಕಡೆಯಿಂದ ಬಂದ ಅಪ್ಪನಿಗೆ ಲಾರಿ ಬಂದ ದಿನ ಕೆಲಸ, ಬಾರದ ದಿನ ಪಡಸಾಲೆಯಲ್ಲಿ ಬೀಡಿ. ಗೋಡೆ ಕುಸಿದರೆ ದುರಸ್ತಿ ನಮ್ಮದು. ಖಾಲಿ ಮಾಡಿ ಎಂದರೆ ತುಟಿ ಬಿಚ್ಚದೆ ಹೊರಡುವ ಹೊಣೆಯೂ ನಮ್ಮದು. ದುಡಿಯುವವರ ಭಯವನ್ನೇ ಅಡಿಪಾಯ ಮಾಡಿಕೊಂಡು ಕಟ್ಟಿದ ಮನೆಗಳು ಅವು ಎಂದು ಈಗ ಬರೆಯಬಲ್ಲೆ. ಮುಂದೆ ನಾನು ಸೇರಿದ ಶಾಲೆಯಲ್ಲಿ ಪ್ರತಿಯೊಂದು ಅನ್ಯಾಯವನ್ನೂ ಅದರ ಹೆಸರು ಹಿಡಿದು ಕರೆಯಬೇಕೆಂದು ಕಲಿಸಿದರು. ಆ ಮನೆಯಲ್ಲಿ ಹೆಸರಿಲ್ಲದೆ ಓಡಾಡಿಕೊಂಡಿದ್ದ ಅನ್ಯಾಯಗಳನ್ನು ನಾನು ಗುರುತು ಹಿಡಿದದ್ದು ಆಮೇಲೆ.

ಅವುಗಳಲ್ಲಿ ಒಂದು ಒಲೆಯ ಮುಂದೆಯೇ ಇತ್ತು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಸುತ್ತಲಿನವರೆಲ್ಲ ಅನ್ನ ಉಣ್ಣುವ ಸೀಮೆಗೆ ಬಂದರೂ ಆಯಿಗೆ ಜೋಳದ ರೊಟ್ಟಿ ಬೇಕು, ಅದೂ ಹಂಚಿನಿಂದ ನೇರ ತಟ್ಟೆಗೆ. ಮೊದಲು ಅಪ್ಪ, ಆಮೇಲೆ ಆಯಿ, ಆಮೇಲೆ ನಾನು. ಎಲ್ಲರದೂ ಆದಮೇಲೆ ಅವ್ವ, ಎದೆಹಾಲು ಕುಡಿಸುವ ಹೆಂಗಸು, ತಣ್ಣಗಾದ ರೊಟ್ಟಿಗೆ ಗಡಿಗೆಯ ತಳದ ಪುಂಡಿಪಲ್ಯ ಬಳಿದುಕೊಂಡು ಉಣ್ಣುತ್ತಿದ್ದಳು. ಇನ್ನೊಂದು ಅನ್ಯಾಯ ಅಡುಗೆಮನೆಯ ಹೊರಗೋಡೆಯ ಮೇಲೆ, ಬಿದಿರಿನ ಸಂದಿಯಲ್ಲಿ, ಒಂದು ಚಹದ ಬಟ್ಟಲಾಗಿ ಕೂತಿತ್ತು. ಮರಿಯಾಬಾಯಿ ಸಾಂಬ್ರಾಣಿಯ ಕಡೆಯ ಸಿದ್ದಿ ಹೆಂಗಸು, ಕ್ರಿಸ್ತರವಳು; ಗಂಡ ಅಪ್ಪನ ಜೊತೆಗೇ ಲಾರಿ ಇಳಿಸುತ್ತಿದ್ದ. ಅವಳು ನಮ್ಮಲ್ಲಿಗೆ ಬಂದಾಗ ಆಯಿ ಆ ಬಟ್ಟಲನ್ನು ತೆಗೆಸಿ ಅದರಲ್ಲೇ ಚಹ ಕೊಡಿಸುತ್ತಿದ್ದಳು. ಕುಡಿದ ಮೇಲೆ ಮರಿಯಾಬಾಯಿಯೇ ತೊಳೆದು ಸಿಕ್ಕಿಸಬೇಕು. ಅದರ ಹೆಸರು ಅಸ್ಪೃಶ್ಯತೆ. ಅವಳ ಮನೆಯ ತೊಲೆಗೆ ದಿನವೂ ನಮ್ಮ ಮಗುವನ್ನು ತೂಗಿ ಬರುವಾಗಲೂ ಆ ಬಟ್ಟಲು ಹೊರಗೇ ಇತ್ತು.

"ನಿಮ್ಮ ಮೊಮ್ಮಗ ನಮ್ಮನ್ಯಾಗ ಉಚ್ಚಿ ಹೊಯ್ದು ಬಂದಾನ್ರಿ ಆಯಿ," ಎಂದು ಮರಿಯಾಬಾಯಿ ಚಹ ಆರಿಸುತ್ತ ಹೇಳುತ್ತಿದ್ದಳು. "ಅವ್ನಿಗೂ ಒಂದು ಬ್ಯಾರೆ ಬಟ್ಟಲ ಇಡ್ರಿ ಇನ್ನ."

ಆಯಿ ಕೇಳಿಸದವಳಂತೆ ಅಡಕೆ ಕತ್ತರಿಸುತ್ತಿದ್ದಳು. ಅವ್ವ ಒಲೆಯ ಕಡೆ ತಿರುಗಿ ನಗು ನುಂಗುತ್ತಿದ್ದಳು.

ತೊಟ್ಟಿಲ ಓಡಾಟಕ್ಕೆ ಕಾರಣ ಒಂದು ಮರ. ಬಚ್ಚಲಿನ ಆಚೆ, ಅರಣ್ಯ ಇಲಾಖೆಯ ಕಾಡಿನ ಮೊದಲ ಮರವಾಗಿ, ದೊಡ್ಡದೊಂದು ಮತ್ತಿ ನಿಂತಿತ್ತು. ಅದರ ತೊಗಟೆ ಕಾಳಿ ನದಿಯ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಯ ಬೆನ್ನಿನ ಹಾಗೆ ಬಿರಿದಿತ್ತು. ಕಾಂಡ ತುಸು ನಮ್ಮ ಕಡೆಗೇ ವಾಲಿತ್ತು; ಕೊಂಬೆಗಳು ಒಳಕೋಣೆಯ ಹಂಚಿನ ಮೇಲೆ ಚಾಚಿದ್ದವು. ಹಿಂದಿನ ವರ್ಷ, ಮುಂಗಾರಿಗೆ ಮೊದಲು ಗಾಳಿ ಹೊತ್ತು ಬರುವ ಅಡ್ಡಮಳೆಗೆ, ಸಾಲಿನ ನಡುವಿನ ಒಂದು ಮನೆಯ ಮೇಲೆ ಮರ ಬಿದ್ದು ಆ ಮನೆಯ ಅಜ್ಜನ ಸೊಂಟ ಮುರಿದಿತ್ತು. ಬಿದ್ದ ಮರವನ್ನು ಇಲಾಖೆಯವರು ಬೇಗ ಬಂದು ಒಯ್ದರು. ಅಜ್ಜನನ್ನು ನೋಡಲು ಯಾರೂ ಬರಲಿಲ್ಲ. ಅವ್ವ ಆಗ ಈರುವಿನ ಬಸಿರಿ. ಅಂದಿನಿಂದ ಅವಳು ಮತ್ತಿಯನ್ನು ನೋಡುವ ರೀತಿಯೇ ಬೇರೆಯಾಯಿತು. ಬಟ್ಟೆ ಒಗೆಯುವಾಗ, ಪಾತ್ರೆ ತಿಕ್ಕುವಾಗ, ಕಣ್ಣು ಹೋಗಿ ಹೋಗಿ ಅದರ ಬುಡದಲ್ಲಿ ನಿಲ್ಲುತ್ತಿತ್ತು. ಅವಳ ಅಂಜಿಕೆ ನನಗೂ ಅಂಟಿತು. ಗಾಳಿಯ ಸದ್ದು ಕೇಳಿದರೆ ಈಗಲೂ ನಾನು ಎದ್ದು ಹೊರಗೆ ಬಂದು ಮರಗಳ ಕಡೆ ನೋಡುತ್ತೇನೆ.

ಆದರೆ ಅದೇ ಮರವನ್ನು ನಾನು ಇನ್ನೊಂದು ಕಾರಣಕ್ಕಾಗಿ ನೋಡುತ್ತಿದ್ದೆ. ಚಳಿ ಮುಗಿದು ಮತ್ತಿಯ ಎಲೆಗಳೆಲ್ಲ ಉದುರಿದ ಮೇಲೆ, ಗುಬ್ಬಿಗಿಂತ ಹೆಚ್ಚು ದೊಡ್ಡದಲ್ಲದ ಎರಡು ಹಕ್ಕಿಗಳು ಅಲ್ಲಿ ಕಾಣಿಸಿಕೊಂಡವು. ಬೆನ್ನು ಸ್ಲೇಟಿನ ಬಣ್ಣ, ಕಣ್ಣಿಗೆ ಅಡ್ಡಲಾಗಿ ಕಪ್ಪು ಗೆರೆ, ಕೆನ್ನೆ ಬಿಳಿ. ಗಂಡಿನ ಹೊಟ್ಟೆ ಇಟ್ಟಿಗೆಯ ಹಾಗೆ ಕೆಂಪು, ಹೆಣ್ಣಿನದು ಸ್ವಲ್ಪ ಮಾಸಲು. ಕಾಂಡದ ಮೇಲೆ ಅವು ತಲೆ ಕೆಳಗಾಗಿ, ಇಳಿಜಾರಿನಲ್ಲಿ ಓಡುವ ಮಕ್ಕಳಂತೆ ಓಡುತ್ತಿದ್ದವು. ನಟ್‌ಹ್ಯಾಚ್ ಎಂಬ ಇಂಗ್ಲಿಷ್ ಹೆಸರು ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ. ನಮ್ಮ ಸಾಲಿನಲ್ಲಿ ಅದಕ್ಕೆ ಹೆಸರಿರಲಿಲ್ಲ, ನಾನು ತಲೆಕೆಳಗಿನ ಹಕ್ಕಿ ಎನ್ನುತ್ತಿದ್ದೆ. ಮತ್ತಿಗೆ ಒಂದು ಸತ್ತ ಕೊಂಬೆಯಿತ್ತು. ಅದು ಕಾಂಡಕ್ಕೆ ಸೇರುವಲ್ಲಿ, ಬಹುಶಃ ಮರಕುಟಿಗವೋ ಕುಟ್ರ ಹಕ್ಕಿಯೋ ಎಂದೋ ಕೊರೆದು ಬಿಟ್ಟ ಒಂದು ಪೊಟರೆ. ಈ ಸಣ್ಣ ಹಕ್ಕಿಗೆ ಪೊಟರೆ ಕೊರೆಯುವಷ್ಟು ಕೊಕ್ಕಿನ ಬಲವಿಲ್ಲ. ಇನ್ನೊಬ್ಬರು ಬಿಟ್ಟ ಮನೆಯನ್ನು ಹುಡುಕಿ, ತನಗೆ ತಕ್ಕಂತೆ ತಿದ್ದಿಕೊಂಡು ಬಾಳಬೇಕು. ಬಾಗಿಲು ದೊಡ್ಡದಿದ್ದರೆ ಗೊರವಂಕ ನುಗ್ಗುತ್ತದೆ, ಅಳಿಲು ಮೊಟ್ಟೆ ಕದಿಯುತ್ತದೆ. ಆದ್ದರಿಂದ ಅವು ಹಸಿಮಣ್ಣು ತಂದು, ತಮ್ಮ ಮೈ ಮಾತ್ರ ಹಿಡಿಯುವಷ್ಟು ತೂತು ಉಳಿಸಿ, ಉಳಿದುದನ್ನೆಲ್ಲ ಮೆತ್ತಿ ಮುಚ್ಚುತ್ತವೆ. ಬಚ್ಚಲಿನ ನೀರು ಹರಿದು ಕೆಸರಾದ ಜಾಗದಲ್ಲಿ ಇಳಿದು, ಕೊಕ್ಕು ತುಂಬಿಕೊಂಡು ಹಾರುವ ಹಕ್ಕಿಯನ್ನು ನಾನು ರಜೆಯ ಬೆಳಗುಗಳಲ್ಲಿ ನೋಡುತ್ತ ಕೂರುತ್ತಿದ್ದೆ. ಆಮೇಲೆ ಅದು ತೊಗಟೆಯ ಚಕ್ಕೆಗಳನ್ನು ಒಳಗೆ ಒಯ್ದು ಹಾಸಿತು. ಆಮೇಲೆ ಹೆಣ್ಣು ಒಳಗೇ ಉಳಿಯಿತು. ಗಂಡು ಹುಳ ತಂದು ಬಾಗಿಲಲ್ಲಿ ಕೊಡುತ್ತಿತ್ತು.

ಆ ಮಣ್ಣೇ ಮರಕ್ಕೆ ಮುಳುವಾಯಿತು. ಕಟ್ಟಿಗೆಯ ನಡುವೆ ಬಾಳುವ ನಮ್ಮವರಿಗೆ ಮರದ ಮೇಲೆ ಮಣ್ಣು ಕಂಡರೆ ಒಂದೇ ಅರ್ಥ. ಲಾರಿಯ ಬಿದಿರಿಗೆ, ಮನೆಯ ತಟ್ಟಿಗೆ, ಬಾಗಿಲಿನ ಚೌಕಟ್ಟಿಗೆ, ಎಲ್ಲಿ ಮಣ್ಣು ಹತ್ತಿದೆಯೋ ಅಲ್ಲಿ ಒಳಗೆ ಗೆದ್ದಲು, ನಮ್ಮ ಮಾತಿನಲ್ಲಿ ಒರಲಿ; ಕುಟ್ಟಿ ನೋಡುವ ಮೊದಲೇ ಆ ಮರ ಕೆಲಸಕ್ಕೆ ಬಾರದ್ದೆಂದು ಬದಿಗೆ ಎಸೆಯುವುದು ಅಪ್ಪನ ದಿನದ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಕೈತೊಳೆಯಲು ಬಚ್ಚಲಿಗೆ ಹೋದವನು ತಲೆ ಎತ್ತಿ ನೋಡಿ ಅಲ್ಲೇ ನಿಂತ.

"ಏ, ಇಲ್ಲಿ ಬಾ. ಅಷ್ಟ ಎತ್ತರಕ್ಕ ಒರಲಿ ಏರೇತಿ. ಒಳಗೆಲ್ಲಾ ಟೊಳ್ಳ ಆಗಿರ್ತೈತಿ."

ಅವ್ವನ ಮುಖದಿಂದ ಬಣ್ಣ ಇಳಿದದ್ದು ನನಗೆ ನೆನಪಿದೆ. ಇಡೀ ವರ್ಷ ಅವಳು ಅಂಜಿದ್ದಕ್ಕೆ ಈಗ ಆಧಾರ ಸಿಕ್ಕಿತ್ತು. ಮರುದಿನವೇ ಅಪ್ಪ ಅರಣ್ಯದ ಗಾರ್ಡರನ್ನು ಕಂಡು ಕೈಮುಗಿದು ಕರೆತಂದ. ಅವರು ನೆಲದ ಮೇಲೆ ನಿಂತೇ ಮೇಲೆ ನೋಡಿದರು, ಮಣ್ಣು ಕಂಡರು, ಹೌದೆಂದರು. ಅವರ ಆಳು ಎದೆಮಟ್ಟದಲ್ಲಿ ತೊಗಟೆ ಕೆತ್ತಿ, ಬೆತ್ತಲಾದ ಬಿಳಿಯ ಮರಕ್ಕೆ ಇಲಾಖೆಯ ಮುದ್ರೆಯ ಸುತ್ತಿಗೆಯಿಂದ ಹೊಡೆದ. ಮುದ್ರೆ ಬಿದ್ದ ಮರ ನಿಲ್ಲುವುದಿಲ್ಲ. ನಿಂತ ಮರವನ್ನು ಪರೀಕ್ಷಿಸಲು ಇಲಾಖೆಯ ಕೈಯಲ್ಲಿ ಇದ್ದ ಉಪಕರಣ ಅದೊಂದೇ ಎಂಬಂತೆ ತೋರುತ್ತಿತ್ತು. ಬಡವರ ಮನೆಯ ಮೇಲಿನ ಮರವನ್ನು ಯಾರೂ ಹತ್ತಿ ನೋಡುವುದಿಲ್ಲ. ಇದನ್ನೂ ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಅಂದು ಉಣ್ಣುವ ಹೊತ್ತಿಗೆ ನಾನು ಹೇಳಿದೆ.

"ಅದು ಒರಲಿ ಅಲ್ಲಪಾ. ಹಕ್ಕಿ ಮೆತ್ತೇತಿ. ನಮ್ಮ ಬಚ್ಚಲದಾಗಿನ ಮಣ್ಣ ಒಯ್ದು ಮೆತ್ತೇತಿ. ನಾ ನೋಡೇನಿ."

"ಹಕ್ಕಿ ಗೌಂಡಿ ಕೆಲಸಕ್ಕ ನಿಂತೈತೇನ?" ಆಯಿ ರೊಟ್ಟಿ ಮುರಿಯುತ್ತ ಅಂದಳು. "ಸಾವಿ, ಸಾಲ್ಯಾಗ ಇದನ್ನ ಕಲಸ್ತಾರೇನ ನಿಂಗ?"

"ಖರೇನ ಆಯಿ. ಒಳಗ ತತ್ತಿ ಇಟ್ಟೇತಿ. ಮರ ಕಡದ್ರ ಸಾಯ್ತಾವು."

"ಮರ ಬಿದ್ರ ನಿನ್ನ ತಮ್ಮ ಸಾಯ್ತಾನು," ಎಂದ ಅಪ್ಪ. ಜೋರಾಗಿ ಹೇಳಲಿಲ್ಲ. "ಉಣ್ಣು."

ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಹೆಣ್ಣುಮಕ್ಕಳ ಕಣ್ಣಿಗೆ ಬಿದ್ದದ್ದು ಸಾಕ್ಷಿಯಾಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆ ತಟ್ಟೆಯ ಮುಂದೆ. ಆದರೆ ಅಪ್ಪನ ಮಾತು ಸುಳ್ಳಾಗಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಅಂದಿನಿಂದ ನನ್ನ ಅಂಜಿಕೆ ಎರಡಾಯಿತು. ಮರ ನಿಂತಿದ್ದರೆ ಈರು. ಮರ ಹೋದರೆ ಪೊಟರೆಯೊಳಗಿನವು. ಶಾಲೆಯಲ್ಲಿ ಕೂತರೂ ಕೊಡಲಿಯ ಸದ್ದು ಕೇಳುತ್ತಿದೆಯೇ ಎಂದು ಕಿವಿ ಹೊರಗೇ ಇರುತ್ತಿತ್ತು. ಮನೆಗೆ ಬರುವ ದಾರಿಯ ತಿರುವಿನಲ್ಲಿ ಮತ್ತಿಯ ತುದಿ ಕಾಣಿಸುವವರೆಗೆ ನಾನು ಓಡುತ್ತಿದ್ದೆ. ಕಂಡ ಮೇಲೆ, ಅದು ನಿಂತಿರುವುದಕ್ಕಾಗಿಯೇ ಅಂಜುತ್ತ ನಡೆಯುತ್ತಿದ್ದೆ.

ಕಡಿಯುವವರು ಬರುವ ಮೊದಲೇ ಅಡ್ಡಮಳೆ ಬಂತು. ಸಂಜೆಯ ಮುನ್ನ ಬೆಳಕು ಹಳದಿಯಾಗಿ, ಹಕ್ಕಿಗಳ ಸದ್ದು ನಿಂತು, ರಸ್ತೆಯ ಧೂಳೆಲ್ಲ ಎದ್ದು ಬಂತು. ಅವ್ವ ತೊಟ್ಟಿಲು ಬಿಚ್ಚಿದಳು. ಆ ದಿನ ಆಯಿಯೂ ನಮ್ಮ ಹಿಂದೆ ಬಂದಳು, ಮರಿಯಾಬಾಯಿಯ ಹೊಸ್ತಿಲು ದಾಟಿ ಮೊದಲ ಬಾರಿ ಒಳಗೆ ಕೂತಳು. ಹಂಚುಗಳು ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದವು. ಅಪ್ಪ ಮತ್ತು ಮರಿಯಾಬಾಯಿಯ ಗಂಡ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಮರಿಯಾಬಾಯಿ ಒಲೆಯ ಮೇಲೆ ಚಹ ಇಟ್ಟಳು.

"ಆಯಿ, ಬಟ್ಟಲ ನಿಮ್ಮನ್ಯಾಗ ಉಳೀತು," ಎಂದಳು. "ಓಡಿ ಹೋಗಿ ತರ್ಲೇನು, ಇದರಾಗ ಕುಡೀತೀರೋ?"

"ಸುಮ್ನ ಕೊಡ," ಎಂದಳು ಆಯಿ.

ಕೊಟ್ಟದ್ದನ್ನು ಆಯಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಹೊರಗೆ ದೊಡ್ಡದೊಂದು ಮುರಿತದ ಸದ್ದಾಯಿತು. ಅವ್ವ ತೊಟ್ಟಿಲಿನ ಮೇಲೆ ಬಾಗಿ ಮಗುವನ್ನು ತನ್ನ ಮೈಯಿಂದ ಮುಚ್ಚಿದಳು, ನಾವು ಮತ್ತಿಯ ಕೆಳಗಿನ ನಮ್ಮ ಮನೆಯಲ್ಲಿಲ್ಲ ಎಂಬುದನ್ನೇ ಮರೆತವಳಂತೆ. ಆಯಿ ಗಟಗಟನೆ ಚಹ ಕುಡಿದಳು. ಇದನ್ನು ಹೃದಯ ಪರಿವರ್ತನೆ ಎಂದು ಯಾರೂ ತಿಳಿಯಬಾರದು. ಹೊರಗಿನ ಬಟ್ಟಲು ಆಯಿ ಇರುವವರೆಗೂ ಹೊರಗೇ ಇತ್ತು. ಸಕ್ಕರೆ ಹೆಚ್ಚಾಗಿತ್ತು ಎಂದು ಮರುದಿನ ದೂರಿದ್ದೂ ಹೌದು.

ಮಳೆ ಹೊಳವಾದಾಗ ಹೋಗಿ ನೋಡಿದೆವು. ಮುರಿದದ್ದು ರಸ್ತೆಯಾಚೆಯ ನೆಡುತೋಪಿನ ಒಂದು ಅಕೇಶಿಯಾ. ಮತ್ತಿ ನಿಂತಿತ್ತು. ಹಂಚಿನ ಮೇಲೆ ಅದರ ಒಂದೆರಡು ಪುಳ್ಳೆ ಮಾತ್ರ ಬಿದ್ದಿದ್ದವು. ಆದರೆ ಪೊಟರೆಯ ಕೆಳಗೆ ಕಾಂಡದ ಮೇಲೆ ಕೆಂಪು ನೀರು ಇಳಿದ ಗುರುತಿತ್ತು. ಬಾಗಿಲಿನ ಮಣ್ಣು ಒಂದು ಕಡೆ ಕರಗಿ ಹೋಗಿತ್ತು. ನಮ್ಮ ಅಡುಗೆಮನೆಯ ಗೋಡೆಯೂ ಅದೇ ಮಳೆಗೆ ಅರ್ಧ ಕರಗಿ ಒಳಗಿನ ಬಿದಿರು ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಅವ್ವ ಬಚ್ಚಲಿನ ಬಳಿ ಕೆಮ್ಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಗೋಡೆಗೆ ಮೆತ್ತಲು ಕೂತಳು. ನಾನು ನೀರು ಹೊಯ್ಯುತ್ತಿದ್ದೆ. ಆಗ ಗಂಡುಹಕ್ಕಿ ಬಂದು, ಅವ್ವನ ಕೈ ಮುಟ್ಟುವಷ್ಟು ಹತ್ತಿರ, ಕಲಸಿದ ಮಣ್ಣಿನ ಅಂಚಿನಲ್ಲಿ ಇಳಿಯಿತು. ಕೊಕ್ಕಿನಿಂದ ಒಂದು ಉಂಡೆ ಎತ್ತಿತು, ಹಾರಿತು, ಕಾಂಡದ ಮೇಲೆ ತಲೆ ಕೆಳಗಾಗಿ ನಿಂತು ಕರಗಿದ ಜಾಗಕ್ಕೆ ಒತ್ತಿತು. ಕೊಕ್ಕಿನಿಂದ ಬಡಿದು ಬಡಿದು ಸಮ ಮಾಡಿತು. ಮತ್ತೆ ಬಂತು. ಅವ್ವ ಕೈಯಲ್ಲಿದ್ದ ಮಣ್ಣನ್ನು ಹಾಗೆಯೇ ಹಿಡಿದು ಕೂತಿದ್ದಳು. ಮೇಲೆ, ಆ ಸಣ್ಣ ತೂತಿನೊಳಗಿನಿಂದ, ತೆಳ್ಳನೆಯ ಸದ್ದು ಕೇಳಿಬರುತ್ತಿತ್ತು. ಮೊಟ್ಟೆ ಒಡೆದು ಮರಿಗಳು ಬಂದಿದ್ದವು.

ಅವ್ವ ತಲೆ ಎತ್ತಿ ನೋಡುತ್ತ ಕೇಳಿದಳು.

"ಹೆಣ್ಣು ಒಳಗ ಐತೇನ?"

"ಹ್ಞೂಂ. ಗಂಡು ಹುಳ ತಂದ್ಕೊಡತೈತಿ."

"ಬಾಣಂತಿ," ಎಂದು ಅವ್ವ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

ಅಪ್ಪ ಬಂದ ಮೇಲೆ ಅವಳು ಹೇಳಿದ ಮಾತು ಮರದ ಪರವಾಗಿರಲಿಲ್ಲ. ಒರಲಿ ಅಲ್ಲ ಎಂದರೆ ಮರ ಗಟ್ಟಿ ಎಂದೇನೂ ಆಗಲಿಲ್ಲ, ನಾಳೆ ಬೀಳಬಹುದು, ಕಡಿಸಲೇಬೇಕು. ಆದರೆ ಮರಿ ಹಾರುವ ತನಕ ತಡೆಯಿರಿ ಎಂದಳು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಕಾಲ ಹಿಡದು ಕರಕೊಂಡ ಬಂದೇನಿ ಅವ್ರನ್ನ. ಈಗ ಹೋಗಿ ಏನಂತ ಹೇಳ್ಲಿ, ಹಕ್ಕಿ ಬಾಣಂತನ ಮಾಡ್ಕೊಳ್ಳಾಕತ್ತೇತಿ, ಆಮ್ಯಾಲ ಬರ್ರಿ ಅಂತ ಹೇಳ್ಲೇನು? ನಗ್ತಾರ. ನಾಳಿ ಖರೇನ ಮರ ಬಿದ್ರ ನಮ್ಮ ಕಡೆ ಯಾರೂ ತಿರುಗಿ ನೋಡೂದಿಲ್ಲ."

ಅವನು ಹೋಗಲಿಲ್ಲ. ಹೋಗದಿದ್ದುದಕ್ಕೆ ಅವನನ್ನು ನಾನು ದೂಷಿಸಲಾರೆ. ಸಮವಸ್ತ್ರ ತೊಟ್ಟವರ ಮುಂದೆ ಎರಡನೆಯ ಮಾತು ಆಡುವ ಹಕ್ಕು ತನಗಿದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಾರ್ಡ್ ತಾವಾಗಿಯೇ ಬಂದರು, ಕೊಡಲಿ ಮತ್ತು ಗರಗಸ ಹೊತ್ತ ಇಬ್ಬರು ಆಳುಗಳ ಜೊತೆ, ಅಪ್ಪ ಲಾರಿಯ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ. ಗಾಳಿ ಸತ್ತುಹೋದಂಥ, ಬೆವರು ಇಳಿಯುವ ಬೆಳಗು. ನಾನು ಅಡುಗೆಮನೆಗೆ ಓಡಿ ಅವ್ವನ ಸೆರಗು ಹಿಡಿದೆ. ಅವ್ವ ರೊಟ್ಟಿಯ ಹಂಚು ಇಳಿಸಿದಳು, ಕೈ ಒರೆಸಿಕೊಂಡಳು, ಒಳಕೋಣೆಗೆ ಹೋದಳು. ತೊಲೆಯಿಂದ ಸೀರೆ ಬಿಚ್ಚಿದಳು. ಮರಿಯಾಬಾಯಿಯ ಮನೆಯ ಕಡೆ ಹೋಗುತ್ತಾಳೆಂದು ನಾನು ಕೈ ಚಾಚಿದೆ. ಅವಳು ಈರುವನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಹಿಂಬಾಗಿಲಿನಿಂದ ಹೊರಬಿದ್ದು, ನೇರ ಮತ್ತಿಯ ಬುಡಕ್ಕೆ ನಡೆದಳು. ಅಲ್ಲಿ ಕೈಗೆ ಎಟುಕುವ ಒಂದು ಹಸಿ ಕೊಂಬೆಗೆ ಸೀರೆಯನ್ನು ಎಸೆದು, ಗಂಟು ಹಾಕಿ, ಎಂದಿನಂತೆ ಜಗ್ಗಿ ನೋಡಿ, ಮಗುವನ್ನು ಮಲಗಿಸಿ, ಪಕ್ಕದ ಕಲ್ಲಿನ ಮೇಲೆ ಕೂತು ತೂಗತೊಡಗಿದಳು.

ಗಾರ್ಡ್ ತೊಟ್ಟಿಲಿನ ಹತ್ತಿರ ಬಂದರು.

"ಏನವಾ ಇದು? ಮೊನ್ನಿ ಮರ ಬೀಳತೈತಿ, ಕೂಸಿನ ಮ್ಯಾಲ ಬೀಳತೈತಿ ಅಂತ ನಿನ್ನ ಗಂಡ ಅಳಾಕತ್ತಿದ್ದ. ಇವತ್ತ ಅದರ ಕೆಳಗ ಕೂಸಿನ್ನ ಹಾಕ್ಕೊಂಡ ಕುಂತಿ?"

"ಗಾಳಿ ಇಲ್ಲಲ್ರಿ ಸಾಹೇಬ್ರ. ಗಾಳಿ ಬಿಟ್ರ ಎದ್ದ ಹೋಗ್ತೇನಿ."

"ಏಳವಾ. ನಮಗ ಇನ್ನೂ ಬ್ಯಾರೆ ಕಡೆ ಕೆಲಸ ಐತಿ."

"ಮ್ಯಾಲ ಬಾಣಂತಿ ಅದಾಳ್ರಿ. ಮರಿ ಅದಾವು. ಬಾಣಂತಿ ಒಳಗಿದ್ದಾಗ ಮನಿ ಕಿತ್ತಿಸಿದ್ರ ನನ್ನ ತೊಟ್ಟಲಕ್ಕ ಒಳ್ಳೇದಾಗೂದಿಲ್ರಿ. ಅವು ಹಾರೂ ತನಕ ತಡೀರಿ. ಆಮ್ಯಾಲ ನಾನ ಕರೀತೇನಿ."

ಆಳುಗಳಲ್ಲಿ ಹಿರಿಯನಾದವನು ತಲೆ ಎತ್ತಿ ಪೊಟರೆಯನ್ನು ನೋಡಿದ. ಆ ಕ್ಷಣಕ್ಕೆ ಗಂಡುಹಕ್ಕಿ ಹಸಿರು ಹುಳವೊಂದನ್ನು ಕೊಕ್ಕಿನಲ್ಲಿ ಹಿಡಿದು ಬಂದು, ಕೆಳಗೆ ಇಷ್ಟು ಜನರನ್ನು ಕಂಡು, ಕಾಂಡದ ಸುತ್ತ ಗಾಬರಿಯಿಂದ ಓಡಾಡಿ, ಕೊನೆಗೆ ಧೈರ್ಯ ಮಾಡಿ ತೂತಿನೊಳಗೆ ತಲೆ ಹಾಕಿತು.

"ಸಾಹೇಬ್ರ, ಅದಕ್ಕ ನೋಟೀಸ್ ಕೊಟ್ಟಿಲ್ರಿ ನಾವು," ಎಂದ ಆಳು, ನಗದೆ.

ಗಾರ್ಡ್ ನಕ್ಕರೋ ರೇಗಿದರೋ ನನಗೆ ಈಗ ನೆನಪಿಲ್ಲ. ಕೂಸು ಮಲಗಿದ ಮರಕ್ಕೆ ಕೊಡಲಿ ಹಾಕಲು ಆಳುಗಳು ಒಪ್ಪಲಿಲ್ಲ ಎಂಬುದು ಮಾತ್ರ ನೆನಪಿದೆ. ಅವರು ಹೋದ ಮೇಲೂ ಅವ್ವ ಎಷ್ಟೋ ಹೊತ್ತು ಅಲ್ಲೇ ಕೂತಿದ್ದಳು. ತೂಗುವಾಗಲೂ ಕಣ್ಣು ಎಲೆಗಳ ತುದಿಯಲ್ಲಿತ್ತು. ಒಂದು ಎಲೆ ಅಲುಗಿದೊಡನೆ ಅವಳು ಮಗುವನ್ನು ಬಾಚಿ ಎತ್ತಿಕೊಂಡು ಸೀರೆಯನ್ನು ಅಲ್ಲೇ ಬಿಟ್ಟು ಮನೆ ದಾಟಿ ಓಡಿದಳು.

ಈ ಕಾಡಿನಲ್ಲಿ ಈಗ ಮಂಗಟ್ಟೆಯಂಥ ದೊಡ್ಡ ಹಕ್ಕಿಗಳಿಗೆ ಫಲಕಗಳಿವೆ, ಅವು ಗೂಡು ಮಾಡಿದ ಮರಗಳಿಗೆ ಕಾವಲಿದೆ. ಅದು ಒಳ್ಳೆಯದೇ, ಅದಕ್ಕಾಗಿ ಕಾಡಿನ ಕೆಲಸ ಮಾಡುವ ನಾವೂ ದುಡಿದಿದ್ದೇವೆ. ಅಂಗೈಯಲ್ಲಿ ಹಿಡಿಯುವ ಹಕ್ಕಿಗೆ ಅದಾವುದೂ ಇಲ್ಲ. ಒಂದು ಸತ್ತ ಕೊಂಬೆ, ಅದರಲ್ಲಿ ಇನ್ನೊಂದು ಹಕ್ಕಿ ಬಿಟ್ಟುಹೋದ ತೂತು, ಅದಕ್ಕೆ ಮೆತ್ತಲು ಹಿಡಿಮಣ್ಣು, ಇಷ್ಟೇ ಅದರ ಬೇಡಿಕೆ. ಒಣಮರವೆಂದರೆ ಕಸವೆಂದು ತಿಳಿದು ತೋಪುಗಳನ್ನು ಗುಡಿಸಿ ಇಡುವ ಆಡಳಿತ, ಪ್ರವಾಸಿಗರ ತಲೆಯ ಮೇಲೆ ಪುಳ್ಳೆಯೂ ಬೀಳಬಾರದೆಂದು ಅಂಗಳದ ಹಳೆಯ ಮರಗಳನ್ನು ಬೋಳಿಸುವ ಹೋಮ್‌ಸ್ಟೇಗಳು, ಇವು ಆ ಬೇಡಿಕೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ಇದನ್ನೆಲ್ಲ ನಾನು ಸಭೆಗಳಲ್ಲಿ ಹೇಳುತ್ತೇನೆ. ಆದರೆ ಅವ್ವನ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ಒಂದು ಬೆಳಿಗ್ಗೆ ಪೊಟರೆಯಿಂದ ಸದ್ದು ಬರಲಿಲ್ಲ. ನಾನು ಹಲ್ಲುಜ್ಜುವ ಹೊತ್ತಿಗೆ ಅವು ಹಾರಿಹೋಗಿದ್ದವು. ಕಾಡಿನ ಒಳಗೆಲ್ಲೋ ಒಂದು ಮರದ ಮೇಲೆ, ಬಾಲ ಇನ್ನೂ ಬೆಳೆಯದ ಮರಿಗಳು ತಾಯಿತಂದೆಯ ಹಿಂದೆ ತಲೆ ಕೆಳಗಾಗಿ ತಡವರಿಸುತ್ತಿದ್ದುದನ್ನು ಕಂಡು ಬಂದು ನಾನು ಅವ್ವನಿಗೆ ಹೇಳಿದೆ. ಗೆದ್ದ ಸಂಭ್ರಮದಲ್ಲಿ ಹೇಳಿದೆ. ಅವ್ವ ಹೌದಾ ಎಂದಳು. ಆಮೇಲೆ ಪಡಸಾಲೆಗೆ ಹೋಗಿ ಅಪ್ಪನ ಮುಂದೆ ನಿಂತಳು.

"ಏನ್ರೀ, ಗಾರ್ಡ್ ಸಾಹೇಬ್ರಿಗೆ ಹೇಳಿ ಬರ್ರಿ. ಈಗ ಕಡೀಲಿ."

ನಾನು ಅತ್ತೆ. ಮರ ಬಿದ್ದಿಲ್ಲವಲ್ಲ, ಅಷ್ಟು ದೊಡ್ಡ ಗಾಳಿಗೂ ಬಿದ್ದಿಲ್ಲವಲ್ಲ, ಮುಂದಿನ ವರ್ಷ ಅವು ಇದೇ ಪೊಟರೆಗೆ ಬರುತ್ತವೆ ಎಂದೆ. ಅವ್ವ ನನ್ನ ಮೂಗು ಒರೆಸಿದಳು.

"ಅವುಕ್ಕ ರೆಕ್ಕಿ ಬಂದ್ವು ಸಾವಿ. ಇವಂಗ ಇನ್ನೂ ನಡ್ಯಾಕ ಬರೂದಿಲ್ಲ."

ಮುಂಗಾರು ಹಿಡಿಯುವ ಮೊದಲು ಮತ್ತಿ ಉರುಳಿತು. ನಾವೆಲ್ಲ ಸಾಲಿನ ಆ ತುದಿಯಲ್ಲಿ ನಿಂತು ನೋಡಿದೆವು. ಸತ್ತ ಕೊಂಬೆಯೊಂದನ್ನು ಬಿಟ್ಟರೆ ಕಾಂಡ ಬುಡದಿಂದ ತುದಿಯವರೆಗೆ ಗಟ್ಟಿಯಾಗಿತ್ತು. ಕೊಯ್ದ ಮುಖ ಕಂದು ಬಣ್ಣದ್ದು, ಒಂದೂ ತೂತಿಲ್ಲ; ಒಳಗಿನ ನೀರು ಇನ್ನೂ ಜಿನುಗುತ್ತಿತ್ತು. ಹಿರಿಯ ಆಳು ಅಂಗೈಯಿಂದ ಅದನ್ನು ತಟ್ಟಿ ಅಪ್ಪನ ಕಡೆ ನೋಡಿದ. ಅಪ್ಪ ಬೇರೆ ಕಡೆ ನೋಡಿದ.

"ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ತಿತ್ತು," ಎಂದಳು ಆಯಿ, ಸೊಸೆಗೆ ಕೇಳಿಸುವಂತೆ.

"ನಿಲ್ತಿತ್ತು ಅಂತ ಬಿದ್ದಮ್ಯಾಲ ಗೊತ್ತಾತಲ್ರಿ ಅತ್ತಿ," ಎಂದಳು ಅವ್ವ. ಆಯಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಿಂತಿದ್ದಾಗ ಯಾರ ಹೇಳಿದ್ರು ನನಗ?"

ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಮುಂದೆ ನನ್ನ ಕೆಲಸವಾಯಿತು. ಕಾಡಿನಂಚಿನ ಮನೆಗಳವರು ಕರೆದರೆ ಜೋಯ್ಡಾ, ಹಳಿಯಾಳ, ಮುಂಡಗೋಡ ಎಲ್ಲ ಕಡೆ ಹೋಗುತ್ತೇನೆ. ನನ್ನ ಜೊತೆ ಮರ ಹತ್ತಬಲ್ಲ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಮನೆಯ ಮೇಲೆ ವಾಲಿದ ಮರವನ್ನು ಬುಡದಿಂದ ಮೇಲಿನವರೆಗೆ ಮರದ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಪೊಟರೆಯಿದ್ದರೆ ಒಳಗೆ ಯಾರಿದ್ದಾರೆಂದು ನೋಡಿ, ಆ ಮನೆಯ ಹೆಂಗಸಿಗೆ ಹೇಳುತ್ತೇವೆ. ಕೆಲವು ಸಲ ಕಡಿಸಿ ಎಂದು ಹೇಳಬೇಕಾಗುತ್ತದೆ. ಹೆಚ್ಚು ಸಲ, ಈ ಕೊಂಬೆಯೊಂದನ್ನು ಇಳಿಸಿದರೆ ಸಾಕು, ಮರ ನಿಲ್ಲುತ್ತದೆ ಎನ್ನುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ, ನಂಬುತ್ತಾರೆ, ಒಳಗೆ ಹೋಗುತ್ತಾರೆ. ಕಳೆದ ವಾರ ಜೋಯ್ಡಾದ ಆಚೆ ಒಂದು ಮನೆಯಲ್ಲಿ ಮರ ನಿಲ್ಲುತ್ತದೆ ಎಂದೇ ಹೇಳಿ ಬಂದೆ. ಅಲ್ಲಿ ಹೊಸ ಬಾಣಂತಿಯಿದ್ದಾಳೆ. ಈಗ ಇದನ್ನು ಬರೆಯುತ್ತಿರುವಾಗ ಕಿಟಕಿಯ ಹೊರಗೆ ಬೆಳಕು ಹಳದಿಯಾಗಿದೆ, ಧೂಳು ಎದ್ದಿದೆ. ಆ ಮನೆಗೆ ಫೋನ್ ಹಚ್ಚಿದ್ದೇನೆ. ಅತ್ತ ಕಡೆ ರಿಂಗ್ ಆಗುತ್ತಿದೆ. ಯಾರಾದರೂ ಎತ್ತಿ ಮಾತಾಡುವ ತನಕ ನನಗೆ ಕೂರಲಾಗುವುದಿಲ್ಲ.